ಮೇಲ್ ಬರ್ತಾವ, ಆದ್ರ ಹೋಗವಲ್ವು

ಕಲಬುರಗಿಯ ಗಂಜ್ (ಧಾನ್ಯದ ಮಾರುಕಟ್ಟೆ) ಕಡೆ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ಮಾಡಿಕೊಂಡಿರುವ ನನಗೆ ಅತಿ ಜಾಸ್ತಿ ಬರುವ ದೂರು ವೈರಸ್‌ದಲ್ಲ, ಪ್ರಿಂಟರ್‌ದೂ ಅಲ್ಲ. "ಸರ, ಮೇಲ್ ಬರ್ತಾವ, ಆದ್ರ ಹೋಗವಲ್ವು." ಇಷ್ಟೇ. ಹಳೆ ಕನೆಕ್ಷನ್ ಬಿಟ್ಟು ಹೊಸ ಫೈಬರ್ ಹಾಕಿಸಿಕೊಂಡ ಒಂದೆರಡು ದಿನಕ್ಕೆ ಈ ಫೋನ್ ಗ್ಯಾರಂಟಿ. ನೆಟ್ ಜೋರಾಗಿಯೇ ಓಡುತ್ತಿರುತ್ತದೆ. ಯೂಟ್ಯೂಬ್ ಬರುತ್ತದೆ, ಬ್ಯಾಂಕಿನ ಸೈಟ್ ತೆರೆಯುತ್ತದೆ, ವಾಟ್ಸಾಪ್ ಅಂತೂ ನಿಲ್ಲುವುದೇ ಇಲ್ಲ. ಔಟ್‌ಲುಕ್‌ನ ಔಟ್‌ಬಾಕ್ಸ್‌ನಲ್ಲಿ ಮಾತ್ರ ಮೇಲ್‌ಗಳು ಸಾಲಾಗಿ ಕುಂತಿರುತ್ತವೆ.

ಕಾರಣ ಬಹಳ ಸಲ ಒಂದೇ. ಇಂಟರ್ನೆಟ್ ಕೊಡುವ ಕಂಪನಿ 25ನೇ ನಂಬರಿನ ಪೋರ್ಟ್ ಬಂದ್ ಮಾಡಿಟ್ಟಿರುತ್ತದೆ. ಪೋರ್ಟ್ ಅಂದರೆ ನೆಟ್‌ನಲ್ಲಿ ಒಂದೊಂದು ಕೆಲಸಕ್ಕೆ ಇರುವ ನಂಬರ್ ಹಾಕಿದ ಬಾಗಿಲು, 25 ಮೇಲ್ ಕಳಿಸುವ ಹಳೆ ಬಾಗಿಲು. ಸ್ಪ್ಯಾಮ್, ಅಂದರೆ ಬೇಡದ ರಾಶಿ ಮೇಲ್, ತಡೆಯಲಿಕ್ಕೆ ಅಂತ. ಬಂದ್ ಮಾಡಿದ್ದು ಸರಿ ಅಂತಲೇ ನಾನೂ ಹೇಳುವವನು. ಆದರೆ ಗಿರಾಕಿಗೆ ಒಂದು ಮಾತು ಹೇಳದೆ, ಎಲ್ಲೂ ಬರೆಯದೆ, ತಮ್ಮದೇ ಕಸ್ಟಮರ್ ಕೇರ್‌ನಲ್ಲಿ ಕುಂತವರಿಗೂ ತಿಳಿಸದೆ ಬಂದ್ ಮಾಡ್ತಾರಲ್ಲ, ನನ್ನ ತಕರಾರು ಅದಕ್ಕೆ.

ಮೊನ್ನೆ ತೊಗರಿ ಸೀಸನ್‌ನಲ್ಲಿ ಒಂದು ದಾಲ್ ಮಿಲ್‌ಗೆ ಹೋಗಿದ್ದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಗಂಜ್‌ನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹೊರಗೆ ಲಾರಿಗಳ ಸಾಲು, ಹಮಾಲರ ಕೂಗು, ಒಳಗೆ ಎಲ್ಲದರ ಮೇಲೂ ತೊಗರಿ ಹೊಟ್ಟಿನ ಧೂಳು. ಆಫೀಸಿನ ಕೀಬೋರ್ಡ್ ತಿರುವಿ ತಟ್ಟಿದರೆ ಅರ್ಧ ಮುಷ್ಟಿ ಹೊಟ್ಟು ಬೀಳುತ್ತದೆ. ಮುನೀಮರು ಕುರ್ಚಿ ಬಿಟ್ಟು ಎದ್ದು ನಿಂತೇ ಮಾತಾಡಿದರು.

"ನೋಡ್ರಿ ಸರ, ಮುಂಜಾನಿಂದ ಕೋಟೇಶನ್ ಹಂಗೇ ಕುಂತಾವ. ಚೆನ್ನೈ ಪಾರ್ಟಿ ಮ್ಯಾಲಿಂದ ಮ್ಯಾಲ ಫೋನ್ ಮಾಡ್ಲಿಕತ್ಯಾನ. ವಾಟ್ಸಾಪ್ ಮಾಡ್ತೀನಂದ್ರ ಒಲ್ಲೆ ಅಂತಾನ, ಮೇಲ್‌ನ್ಯಾಗೇ ಬೇಕಂತ."

ಸಾಹುಕಾರರ ಮಗ ಅಷ್ಟರಲ್ಲಿ ಆ್ಯಂಟಿವೈರಸ್ ತೆಗೆದು ನೋಡಿದ್ದ, ಔಟ್‌ಲುಕ್ ತೆಗೆದು ಮತ್ತೆ ಹಾಕಿದ್ದ. ಪಕ್ಕದ ಅಂಗಡಿಯವರು ಬಂದು "ಫಾರ್ಮ್ಯಾಟ್ ಹೊಡೆದುಬಿಡ್ರಿ" ಅಂತ ಸಲಹೆ ಕೊಟ್ಟು ಹೋಗಿದ್ದರು. ನಮ್ಮ ಕಡೆ ಕಂಪ್ಯೂಟರಿನ ಯಾವ ರೋಗಕ್ಕೂ ಅದೇ ಔಷಧಿ.

ನಾನು ಮೊದಲು ನೋಡಿದ್ದು ಅಕೌಂಟ್ ಸೆಟ್ಟಿಂಗ್. ಮಿಲ್ ಹೆಸರಿನದೇ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು), ಎಲ್ಲೋ ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಮೇಲ್. ಯಾವ ಕಾಲದಲ್ಲೋ ಯಾರೋ ಮಾಡಿಕೊಟ್ಟದ್ದು. ಒಳಗೆ ಬರುವುದಕ್ಕೆ 110, ಹೊರಗೆ ಹೋಗುವುದಕ್ಕೆ 25. ಎರಡೂ ಹಳೆ ಪೋರ್ಟ್. ಹಳೆ ಕನೆಕ್ಷನ್‌ನವರು 25 ತೆರೆದಿಟ್ಟಿದ್ದರು, ಹಾಗಾಗಿ ಇಷ್ಟು ವರ್ಷ ಯಾರೂ ಅದನ್ನು ಮುಟ್ಟುವ ಪ್ರಸಂಗ ಬಂದಿರಲಿಲ್ಲ.

ಆಮೇಲೆ ಪವರ್‌ಶೆಲ್ ತೆಗೆದು ಟೆಸ್ಟ್-ನೆಟ್‌ಕನೆಕ್ಷನ್ ಹೊಡೆದೆ. ಪೋರ್ಟ್ ತೆರೆದಿದೆಯಾ ಅಂತ ನೋಡಲಿಕ್ಕೆ ವಿಂಡೋಸ್‌ನಲ್ಲೇ ಇರುವ ಕಮಾಂಡ್ ಅದು. ಸರ್ವರ್ ಹೆಸರು ಕೊಟ್ಟು ಪೋರ್ಟ್ 25 ಅಂದರೆ ಹಳದಿ ಅಕ್ಷರದಲ್ಲಿ ಎಚ್ಚರಿಕೆ ಬರೆದು, ಕೊನೆಗೆ ಫಾಲ್ಸ್ ಅಂದಿತು. ಬೇರೆ ದೊಡ್ಡ ಕಂಪನಿಗಳ ಮೇಲ್ ಸರ್ವರ್‌ಗಳಿಗೆ ಹೊಡೆದರೂ ಅದೇ ಫಾಲ್ಸ್. ಜಗತ್ತಿನ ಎಲ್ಲ ಮೇಲ್ ಸರ್ವರ್‌ಗಳೂ ಒಂದೇ ದಿನ ಗಂಜ್‌ನ ಮೇಲೆ ಸಿಟ್ಟಾಗಲಿಕ್ಕಿಲ್ಲ ಅಲ್ವಾ? ಅಂದರೆ ತಡೆ ಇರುವುದು ಸರ್ವರ್‌ನಲ್ಲಿ ಅಲ್ಲ, ದಾರಿಯಲ್ಲಿ. ನನ್ನ ಫೋನ್ ಹಾಟ್‌ಸ್ಪಾಟ್ ಹಾಕಿ ಅದೇ ಕಂಪ್ಯೂಟರಿನಿಂದ ನೋಡಿದೆ, 25 ತೆರೆಯಿತು. ಕಂಪ್ಯೂಟರ್‌ದೂ ತಪ್ಪಲ್ಲ ಅಂತಾಯಿತು. ಇದನ್ನು ನೋಡಲೇಬೇಕು, ಯಾಕೆಂದರೆ ಕೆಲವು ಆ್ಯಂಟಿವೈರಸ್‌ಗಳೂ 25 ಅನ್ನು ತಡೆದು ಕುಂತಿರುತ್ತವೆ. ವಾಪಸ್ ಫೈಬರ್‌ಗೆ ಬಂದು, ಮೇಲ್ ಕಳಿಸುವ ಇನ್ನೊಂದು ಪೋರ್ಟ್ 587ಕ್ಕೆ ಹೊಡೆದರೆ ಟ್ರೂ. ಸರ್ವರ್ ಜೊತೆ ಸೀದಾ ಮಾತಾಡುವ ಟೆಲ್ನೆಟ್ ಪ್ರೋಗ್ರಾಮ್‌ನಲ್ಲಿ ನೋಡಿದರೆ 220 ಅಂತ ಸರ್ವರ್ ನಮಸ್ಕಾರವನ್ನೂ ಹೇಳಿತು.

ಕಸ್ಟಮರ್ ಕೇರ್‌ಗೂ ಫೋನ್ ಹಚ್ಚಿದೆ. ಮಾಡಿದರೆ ಏನು ಹೇಳ್ತಾರೆ ಅಂತ ಗೊತ್ತಿದ್ದೂ ಹಚ್ಚಿದೆ. ರೂಟರ್ ರೀಸ್ಟಾರ್ಟ್ ಮಾಡಿ ಅಂದರು. ಪೋರ್ಟ್ 25 ಬ್ಲಾಕ್ ಇದೆಯಾ ಅಂತ ಕೇಳಿದೆ. "ಸರ್, ರೂಟರ್‌ನಲ್ಲಿ ನಾಲ್ಕೇ ಪೋರ್ಟ್ ಇರೋದು" ಅಂದಳು ಆ ಹುಡುಗಿ. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಕೆಲಸ ಐದು ನಿಮಿಷದ್ದು. ಔಟ್‌ಗೋಯಿಂಗ್ ಪೋರ್ಟ್ 25 ಇದ್ದದ್ದನ್ನು 587 ಮಾಡಿ, ದಾರಿಯಲ್ಲಿ ಯಾರೂ ಓದದಂತೆ ಮಾಡುವ ಎನ್‌ಕ್ರಿಪ್ಷನ್‌ಗೆ ಸ್ಟಾರ್ಟ್‌ಟಿಎಲ್‌ಎಸ್ ಅನ್ನುವುದನ್ನು ಆರಿಸಿ, ಹೊರಹೋಗುವ ಸರ್ವರ್‌ಗೂ ಪಾಸ್‌ವರ್ಡ್ ಬೇಕು ಅನ್ನುವ ಡಬ್ಬಿಗೆ ಟಿಕ್ ಹಾಕಿದೆ. ಸೆಂಡ್ ಒತ್ತಿದ ಮೇಲೆ ಔಟ್‌ಬಾಕ್ಸ್ ಖಾಲಿಯಾಗುತ್ತಾ ಬಂತು. ಮುನೀಮರು ಪರದೆಗೆ ಮುಖ ಹಚ್ಚಿ "ಹೋದ್ವು, ಹೋದ್ವು" ಅನ್ನುತ್ತಿದ್ದರು. ಚಹಾ ಬಂತು. ಕುಡಿಯುತ್ತಾ ಅವರೇ ಕೇಳಿದರು, "ಹಂಗಾದ್ರ ಆ ಇಪ್ಪತ್ತೈದು ಯಾಕ ಬಂದ್ ಮಾಡ್ಯಾರ್ರಿ? ನಾವೇನು ಕಳ್ಳರಾ?"

ಒಳ್ಳೆ ಪ್ರಶ್ನೆ. ಅವತ್ತು ಚಹಾ ಮುಗಿಯುವುದರೊಳಗೆ ಹೇಳಲಿಕ್ಕೆ ಆಗಲಿಲ್ಲ, ಇಲ್ಲಿ ಹೇಳ್ತೀನಿ.

ಮೇಲ್ ಕಳಿಸುವ ಎಸ್‌ಎಂಟಿಪಿ ಅನ್ನುವ ಪದ್ಧತಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರ ಆಗಸ್ಟ್‌ನಲ್ಲಿ. ಇಂಟರ್ನೆಟ್ ನಿಯಮಗಳ ಸಾಲಿನಲ್ಲಿ ಆರ್‌ಎಫ್‌ಸಿ 821 ಅಂತ ಅದರ ನಂಬರು. ಆಗ ನೆಟ್‌ವರ್ಕ್ ಅಂದರೆ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ಮಿಲಿಟರಿಯವರ ಕಂಪ್ಯೂಟರ್‌ಗಳು. ಹೆಚ್ಚುಕಮ್ಮಿ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಹಾಗಾಗಿ ಪಾಸ್‌ವರ್ಡ್ ಕೇಳುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಯಾವ ಯಂತ್ರ ಬೇಕಾದರೂ ಬಂದು 25ನೇ ಪೋರ್ಟ್ ತಟ್ಟಿ, ನಾನು ಇಂಥವರ ಕಡೆಯಿಂದ ಬಂದಿದ್ದೇನೆ, ಇಂಥವರಿಗೆ ಪತ್ರ ಇದೆ ಅನ್ನಬಹುದು. ಕಳಿಸಿದವರ ಹೆಸರಿನ ಜಾಗದಲ್ಲಿ ಏನು ಬರೆದರೂ ನಡೆಯುತ್ತದೆ. ಆ ಕಾಲದಲ್ಲೂ ಎಲ್ಲರೂ ಸಾಧುಗಳಾಗಿದ್ದರು ಅಂತೇನಲ್ಲ. ಎಸ್‌ಎಂಟಿಪಿ ಹುಟ್ಟುವುದಕ್ಕೂ ಮೊದಲೇ, 1978ರ ಮೇ 3ರಂದು ಡಿಇಸಿ ಕಂಪನಿಯ ಗ್ಯಾರಿ ಥ್ಯೂರ್ಕ್ ಅನ್ನುವವರು ತಮ್ಮ ಹೊಸ ಕಂಪ್ಯೂಟರಿನ ಜಾಹೀರಾತನ್ನು ಇಂಟರ್ನೆಟ್‌ನ ಪೂರ್ವಜ ಆರ್ಪಾನೆಟ್‌ನ ಸುಮಾರು 400 ಜನಕ್ಕೆ ಒಟ್ಟಿಗೆ ಕಳಿಸಿ ಬೈಸಿಕೊಂಡಿದ್ದರು. ಮೊದಲ ಸ್ಪ್ಯಾಮ್ ಅಂತ ಎಲ್ಲರೂ ಹೆಸರಿಸುವುದು ಅದನ್ನೇ.

ತೊಂಬತ್ತರ ದಶಕದಲ್ಲಿ ಇಂಟರ್ನೆಟ್ ಎಲ್ಲರದಾಯಿತು, ಸ್ಪ್ಯಾಮೂ ದಂಧೆಯಾಯಿತು. ಮೊದಮೊದಲು ಯಾರು ಏನು ಕೊಟ್ಟರೂ ಮುಂದೆ ಸಾಗಿಸುವ ಸರ್ವರ್‌ಗಳನ್ನು ಹುಡುಕಿ ಅವುಗಳ ಮೂಲಕ ಕಳಿಸುತ್ತಿದ್ದರು. ಓಪನ್ ರಿಲೇ ಅಂತಾರೆ. ಅವು ಒಂದೊಂದಾಗಿ ಬಂದ್ ಆದವು. ಆಗ ಸ್ಪ್ಯಾಮ್ ಮಂದಿ ಕಣ್ಣು ಹಾಕಿದ್ದು ಮನೆಮನೆಯ ಕಂಪ್ಯೂಟರುಗಳ ಮೇಲೆ. 2003ರ ಸೋಬಿಗ್ ವೈರಸ್ ನೆನಪಿದೆಯಾ? ಮನೆ ಕಂಪ್ಯೂಟರನ್ನು ಸ್ಪ್ಯಾಮ್ ಕಾರ್ಖಾನೆ ಮಾಡುವ ದಾರಿ ತೋರಿಸಿದ್ದು ಅಂಥವೇ. ಆಮೇಲೆ ಸ್ಟಾರ್ಮ್, ಸ್ರಿಜ್ಬಿ, ರುಸ್ಟಾಕ್, ಕಟ್‌ವೇಲ್ ಅಂತ ಸಾಲುಸಾಲು ಬಾಟ್‌ನೆಟ್‌ಗಳು, ಅಂದರೆ ವೈರಸ್ ಹೊಕ್ಕು ದೂರದಿಂದ ಯಾರೋ ಆಡಿಸುವ ಕಂಪ್ಯೂಟರುಗಳ ದಂಡು.

ಇವುಗಳ ಅಳತೆ ಗೊತ್ತಾಗಬೇಕಾದರೆ ಒಂದು ಘಟನೆ ಸಾಕು. 2008ರ ನವೆಂಬರ್‌ನಲ್ಲಿ ಅಮೆರಿಕದ ಮ್ಯಾಕೋಲೊ ಅನ್ನುವ ಒಂದು ಹೋಸ್ಟಿಂಗ್ ಕಂಪನಿಗೆ ಇಂಟರ್ನೆಟ್ ಕೊಡುತ್ತಿದ್ದವರು ಕನೆಕ್ಷನ್ ಕಿತ್ತರು. ದೊಡ್ಡ ದೊಡ್ಡ ಬಾಟ್‌ನೆಟ್‌ಗಳಿಗೆ ಹುಕುಂ ಕೊಡುವ ಸರ್ವರ್‌ಗಳು ಅಲ್ಲಿದ್ದವು. ಇಡೀ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಜಾಸ್ತಿ ಇಳಿದುಬಿಟ್ಟಿತು. ಒಂದು ಕಂಪನಿಯ ವೈರ್ ಕಿತ್ತದ್ದಕ್ಕೆ! ಕೆಲವೇ ತಿಂಗಳಲ್ಲಿ ಮತ್ತೆ ಏರಿತು ಅನ್ನುವುದು ಬೇರೆ ಮಾತು.

ಅದೇ ಹೊತ್ತಿಗೆ ನಮ್ಮಲ್ಲಿ ಏನು ನಡೆದಿತ್ತು? ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿತ್ತು. ಸೂಪರ್ ಮಾರ್ಕೆಟ್, ಸ್ಟೇಷನ್ ರೋಡ್ ಕಡೆ ಸೈಬರ್ ಕೆಫೆಗಳು ತುಂಬಿ ತುಳುಕುತ್ತಿದ್ದವು. ಪರೀಕ್ಷೆ ರಿಸಲ್ಟ್ ದಿನ ಒಳಗೆ ಕಾಲಿಡಲಿಕ್ಕೂ ಜಾಗ ಇರುತ್ತಿರಲಿಲ್ಲ. ಎಲ್ಲಾ ಕಡೆ ನಕಲಿ ವಿಂಡೋಸ್ ಎಕ್ಸ್‌ಪಿ, ಅಪ್‌ಡೇಟ್ ಆಫ್. ಪೆನ್‌ಡ್ರೈವ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡಾಡುತ್ತಿತ್ತು, ಜೊತೆಗೆ ವೈರಸ್ಸೂ. 2008ರ ಕೊನೆಗೆ ಬಂದ ಕಾನ್‌ಫಿಕರ್ ಪೆನ್‌ಡ್ರೈವ್‌ನಲ್ಲೂ ಹಬ್ಬುತ್ತಿತ್ತು, ಮರುವರ್ಷ ಅದರ ಒಂದು ಅವತಾರ ಸ್ಪ್ಯಾಮ್ ಕಳಿಸುವ ಪ್ರೋಗ್ರಾಮನ್ನೂ ಇಳಿಸಿಕೊಂಡಿತು. ಇದೆಲ್ಲದರ ಫಲ 2012ರಲ್ಲಿ ಬಂತು. ಆ ವರ್ಷದ ಮೊದಲ ಮೂರು ತಿಂಗಳ ಲೆಕ್ಕದಲ್ಲಿ, ಸ್ಪ್ಯಾಮ್ ಸಾಗಿಸುವ ದೇಶಗಳ ಪಟ್ಟಿಯಲ್ಲಿ ಭಾರತ ಅಮೆರಿಕವನ್ನೂ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದಿದೆ ಅಂತ ಸೋಫೋಸ್ ಕಂಪನಿ ಹೇಳಿತು. ಜಗತ್ತಿನ ಸ್ಪ್ಯಾಮ್‌ನಲ್ಲಿ 9.3 ಪರ್ಸೆಂಟ್ ನಮ್ಮದು. ಸ್ಪ್ಯಾಮ್ ಬರೆದವರು ನಾವಲ್ಲ ಅನ್ನೋದು ನಿಜ. ಎಲ್ಲೋ ಕುಂತವರು ನಮ್ಮ ಕಂಪ್ಯೂಟರ್, ನಮ್ಮ ಕರೆಂಟು, ನಮ್ಮ ನೆಟ್ ಬಳಸಿ ಕಳಿಸಿದ್ದು. ಹೆಸರು ಕೆಟ್ಟದ್ದು ಮಾತ್ರ ನಮ್ಮದು.

ಈಗ 25ರ ವಿಷಯಕ್ಕೆ ಬರ್ತೀನಿ. ಕಂಪ್ಯೂಟರ್‌ಗೆ ಹೊಕ್ಕ ಬಾಟ್ ನಿಮ್ಮ ಔಟ್‌ಲುಕ್ ತೆಗೆದು ಮೇಲ್ ಕಳಿಸುವುದಿಲ್ಲ. ಅದರ ಹೊಟ್ಟೆಯಲ್ಲೇ ಮೇಲ್ ಕಳಿಸುವ ಸಣ್ಣ ಎಂಜಿನ್ ಇರುತ್ತದೆ. ಯಾರಿಗೆ ಕಳಿಸಬೇಕೋ ಅವರ ಡೊಮೇನ್‌ನ ಎಂಎಕ್ಸ್ ರೆಕಾರ್ಡ್ (ಆ ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ವಿವರ) ನೋಡಿ, ಆ ಸರ್ವರ್‌ನ 25ನೇ ಪೋರ್ಟ್‌ಗೆ ಸೀದಾ ಹೋಗಿ ಮೇಲ್ ಒಪ್ಪಿಸಿ ಬರುತ್ತದೆ. ಪಾಸ್‌ವರ್ಡ್ ಬೇಕಿಲ್ಲ, ಯಾಕೆಂದರೆ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವಾಗ ಇವತ್ತಿಗೂ ಪಾಸ್‌ವರ್ಡ್ ಇಲ್ಲ. ಇರಲಿಕ್ಕೂ ಸಾಧ್ಯವಿಲ್ಲ. ಗುರುತು ಪರಿಚಯ ಇಲ್ಲದ ಸರ್ವರ್‌ನಿಂದ ಬಂದ ಮೇಲ್ ತಗೊಳ್ಳುವುದೇ ಅಲ್ವಾ ಮೇಲ್ ಸರ್ವರ್‌ನ ಕೆಲಸ?

ಮನುಷ್ಯರು ಮೇಲ್ ಕಳಿಸುವ ದಾರಿ ಬೇರೆ. ನಾವು ನಮ್ಮ ಸರ್ವರ್‌ಗೆ ಲಾಗಿನ್ ಆಗಿ ಕೊಡ್ತೀವಿ, ಅದು ಮುಂದಕ್ಕೆ ಸಾಗಿಸುತ್ತದೆ. ಈ ಮೊದಲ ಹೆಜ್ಜೆಗೆ ಅಂತಲೇ 1998ರ ಡಿಸೆಂಬರ್‌ನಲ್ಲಿ 587 ಅನ್ನುವ ಪ್ರತ್ಯೇಕ ಪೋರ್ಟ್ ಕೊಟ್ಟರು. ಮರುವರ್ಷ ಲಾಗಿನ್ ಪದ್ಧತಿಯೂ ಬಂತು. 465ರದ್ದು ಇನ್ನೊಂದು ಕಥೆ. 1997ರಲ್ಲಿ ಕೊಟ್ಟು, ಸ್ವಲ್ಪೇ ದಿನದಲ್ಲಿ ವಾಪಸ್ ಕಿತ್ತುಕೊಂಡು, ಆದರೂ ಜನ ಬಳಸುತ್ತಲೇ ಇದ್ದದ್ದರಿಂದ 2018ರಲ್ಲಿ "ಆಯ್ತಪ್ಪಾ, ಬಳಸ್ರಿ" ಅಂತ ಮತ್ತೆ ಒಪ್ಪಿಕೊಂಡರು. ಇಂಟರ್ನೆಟ್ ನಿಯಮಗಳೂ ನಮ್ಮ ಕಾರ್ಪೊರೇಶನ್ ನಿಯಮಗಳ ಹಂಗೇ, ಜನ ಮಾಡಿದ್ದಕ್ಕೆ ಕೊನೆಗೆ ಸಹಿ ಬೀಳುತ್ತದೆ.

ಗಂಜ್‌ನವರಿಗೆ ಅರ್ಥ ಆಗುವ ಹಾಗೆ ಹೇಳಬೇಕಂದರೆ, 587 ಅನ್ನುವುದು ಗೇಟ್ ಪಾಸ್ ತೋರಿಸಿ ಹೋಗುವ ಬಾಗಿಲು. ಯಾವ ಅಂಗಡಿಯ ಮಾಲು, ಎಷ್ಟು ಚೀಲ, ಯಾವ ಗಾಡಿ, ಎಲ್ಲಾ ಬರೆದಿಟ್ಟಿರುತ್ತದೆ. ನಾಳೆ ಚೀಲದಲ್ಲಿ ಕಲ್ಲು ಸಿಕ್ಕರೆ ಯಾರನ್ನು ಹಿಡಿಯಬೇಕು ಅಂತ ಗೊತ್ತು.

ಹಾಗಾಗಿ ಮನೆ, ಅಂಗಡಿ, ಆಫೀಸಿನ ಮಾಮೂಲಿ ಕನೆಕ್ಷನ್‌ಗಳಿಂದ ಹೊರಗೆ ಹೋಗುವ 25 ಬಂದ್ ಮಾಡಿದರೆ ಬಾಟ್‌ಗಳ ಕೈ ಕಟ್ಟಿದಂಗೆ, 587 ಬಳಸುವ ಮಾಮೂಲಿ ಜನಕ್ಕೆ ತೊಂದರೆ ಇಲ್ಲ. ಇದನ್ನು ಬಹಳ ಮುಂಚೆಯೇ ಹೇಳಿದ್ದರು. 2005ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬೇರೆ ದೇಶಗಳ ಸರಕಾರಿ ಸಂಸ್ಥೆಗಳ ಜೊತೆ ಸೇರಿ ಜಗತ್ತಿನ 3,000ಕ್ಕೂ ಜಾಸ್ತಿ ಇಂಟರ್ನೆಟ್ ಕಂಪನಿಗಳಿಗೆ ಪತ್ರ ಬರೆಯುವ ಕೆಲಸ ಶುರು ಮಾಡಿತು. ಅದರಲ್ಲಿ ಮೊದಲ ಸಲಹೆಗಳಲ್ಲೇ 25 ಬಂದ್ ಮಾಡುವುದೂ ಇತ್ತು. ಜಪಾನಿನ ದೊಡ್ಡ ಕಂಪನಿಗಳು ಆ ಸುಮಾರಿಗೇ ಬಂದ್ ಮಾಡತೊಡಗಿದವು. ನನಗೆ ಹೆಚ್ಚು ಹಿಡಿಸಿದ್ದು ಬ್ರೆಜಿಲ್‌ನ ರೀತಿ. 2009ರಲ್ಲಿ ಅದು ಸ್ಪ್ಯಾಮ್ ಕಳಿಸುವ ಐಪಿಗಳ (ನೆಟ್‌ನಲ್ಲಿ ಕನೆಕ್ಷನ್‌ಗೆ ಇರುವ ನಂಬರ್ ವಿಳಾಸ) ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅಲ್ಲಿನ ಇಂಟರ್ನೆಟ್ ಸಮಿತಿ, ಟೆಲಿಕಾಂ ಕಂಪನಿಗಳು, ಸರಕಾರದವರು ಕುಂತು ಮಾತಾಡಿ ಒಪ್ಪಂದ ಮಾಡಿಕೊಂಡರು. ಜನಕ್ಕೆ ಮೊದಲೇ ತಿಳಿಸಿದರು. ಮೇಲ್ ಕಂಪನಿಗಳು ಮೊದಲು ತಮ್ಮ ಗಿರಾಕಿಗಳನ್ನು 587ಕ್ಕೆ ಸಾಗಿಸಿದವು, ಆಮೇಲೆ 25 ಬಂದ್ ಆಯಿತು. 2013ರ ಹೊತ್ತಿಗೆ ಬ್ರೆಜಿಲ್ ಆ ಪಟ್ಟಿಯ ಮೊದಲ ಹತ್ತರಿಂದ ಹೊರಗೆ ಬಿದ್ದಿತ್ತು.

ಆ ಮೊದಲು-ಆಮೇಲೆ ಇದೆಯಲ್ಲ, ಅದೇ ನಮ್ಮಲ್ಲಿ ಇಲ್ಲದ್ದು.

ಕಂಪನಿಗಳು ಇದನ್ನು ಲೋಕಕಲ್ಯಾಣಕ್ಕೆ ಮಾಡ್ತಾವೆ ಅಂತಲೂ ಅಂದುಕೊಳ್ಳಬೇಡಿ. ಅವರಿಗೆ ತಮ್ಮ ಐಪಿಗಳ ಚಿಂತೆ. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್ ಥರದ ಸಂಸ್ಥೆಗಳು ಕೆಟ್ಟ ಐಪಿಗಳ ಪಟ್ಟಿ ಇಟ್ಟಿರುತ್ತವೆ, ಜಗತ್ತಿನ ಮೇಲ್ ಸರ್ವರ್‌ಗಳು ಅದನ್ನು ನೋಡಿಯೇ ಮೇಲ್ ಒಳಗೆ ಬಿಡುವುದು. ಒಂದು ಮನೆಯ ಕಂಪ್ಯೂಟರ್ ಕೆಟ್ಟರೆ ಆ ಐಪಿ ಪಟ್ಟಿಗೆ ಬೀಳುತ್ತದೆ. ಮೊದಲಾದರೆ ಒಬ್ಬರಿಗೇ ತೊಂದರೆ. ಈಗ ಹಂಗಿಲ್ಲ. ಐಪಿವಿ4 ಅನ್ನುವ ಹಳೆ ಬಗೆಯ ಐಪಿ ವಿಳಾಸಗಳು ನಮ್ಮ ಏಷ್ಯಾ ಭಾಗದಲ್ಲಿ 2011ರ ಏಪ್ರಿಲ್‌ನಲ್ಲೇ ತಳ ಕಂಡವು. ಅಂದಿನಿಂದ ಒಂದೇ ಐಪಿಯನ್ನು ಬಹಳ ಮನೆಗಳಿಗೆ ಹಂಚುತ್ತಾರೆ. ನಿಮ್ಮ ರೂಟರ್ ಪೇಜ್ ತೆರೆದು ವ್ಯಾನ್ ಐಪಿ (ರೂಟರ್‌ಗೆ ಕಂಪನಿ ಕೊಟ್ಟ ಐಪಿ) ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವೂ ಹಂಚಿಕೊಂಡವರೇ. ಜಗತ್ ಸರ್ಕಲ್‌ನ ಯಾವುದೋ ಮನೆಯ ಲ್ಯಾಪ್‌ಟಾಪ್‌ಗೆ ವೈರಸ್ ಹೊಕ್ಕರೆ ಗಂಜ್‌ನ ಮಿಲ್‌ನ ಐಪಿಗೂ ಕಪ್ಪು ಚುಕ್ಕೆ. ಇಂಥ ಕಡೆ 25 ತೆರೆದಿಡು ಅಂತ ಯಾವ ಬಾಯಿಂದ ಕೇಳಲಿ?

ಇಲ್ಲಿ ಇನ್ನೊಂದು ಸಂಗತಿ. 25 ತೆರೆದುಕೊಟ್ಟರೂ ಮನೆ ಕನೆಕ್ಷನ್‌ನಿಂದ ಸೀದಾ ಕಳಿಸಿದ ಮೇಲ್ ಇವತ್ತು ಬಹಳ ಕಡೆ ತಲುಪುವುದಿಲ್ಲ. ಮನೆ ಕನೆಕ್ಷನ್‌ಗಳ ಐಪಿ ಶ್ರೇಣಿಗಳನ್ನೇ ಸ್ಪ್ಯಾಮ್‌ಹೌಸ್ 2007ರಿಂದ ಬೇರೆ ಪಟ್ಟಿ ಮಾಡಿದೆ, ಅದಕ್ಕೆ ಎಷ್ಟೋ ಕಂಪನಿಗಳು ತಾವಾಗಿಯೇ ತಮ್ಮ ಶ್ರೇಣಿ ಬರೆಸಿವೆ. ಇವರು ತಪ್ಪು ಮಾಡಿದ್ದಾರೆ ಅಂತಲ್ಲ, ಇಲ್ಲಿಂದ ಸೀದಾ ಮೇಲ್ ಬರುವ ಕಾರಣವೇ ಇಲ್ಲ ಅಂತ. ಆ ಕಡೆ ಸರ್ವರ್ 550 ಅಂತಲೋ 554 ಅಂತಲೋ ಹೇಳಿ ಬಾಗಿಲು ಹಾಕುತ್ತದೆ.

ಆದರೂ ಆ ಸರ್ವರ್ ಹೇಳಿ ಬಾಗಿಲು ಹಾಕುತ್ತದೆ ನೋಡಿ. ನಮ್ಮ ಕಂಪನಿಗಳು ಹೇಳುವುದೂ ಇಲ್ಲ. ನೆಟ್‌ನ ಕಾವಲುಗಾರ ಫೈರ್‌ವಾಲ್‌ನಲ್ಲಿ ತಡೆಯಲಿಕ್ಕೆ ಎರಡು ಬಗೆ. ಒಂದು ರಿಜೆಕ್ಟ್, ಇನ್ನೊಂದು ಡ್ರಾಪ್. ರಿಜೆಕ್ಟ್ ಮಾಡಿದರೆ ಕಂಪ್ಯೂಟರ್‌ಗೆ ತಕ್ಷಣ "ಇಲ್ಲ" ಅಂತ ಉತ್ತರ ಬರುತ್ತದೆ, ನನ್ನಂಥವನಿಗೆ ಎರಡೇ ಸೆಕೆಂಡಿನಲ್ಲಿ ವಿಷಯ ಗೊತ್ತಾಗುತ್ತದೆ. ಡ್ರಾಪ್ ಮಾಡಿದರೆ ಪ್ಯಾಕೆಟ್ ನುಂಗಿ ಸುಮ್ನೆ ಕುಂತುಬಿಡುತ್ತದೆ. ವಿಂಡೋಸ್ ಪಾಪ ಮತ್ತೆ ಮತ್ತೆ ಕೇಳಿ, ಇಪ್ಪತ್ತು ಸೆಕೆಂಡ್ ಆಸುಪಾಸು ಕಾದು, ಟೈಮ್ ಔಟ್ ಅನ್ನುತ್ತದೆ. ಸರ್ವರ್ ಬಿದ್ದಿದೆಯಾ, ವೈರ್ ಕಟ್ಟಾಗಿದೆಯಾ, ಆ್ಯಂಟಿವೈರಸ್ಸಾ, ಯಾವುದೂ ಗೊತ್ತಾಗುವುದಿಲ್ಲ. ನಾನು ನೋಡಿದ ಕಡೆಯೆಲ್ಲ ಡ್ರಾಪೇ. ಅದರಿಂದ ಮುನೀಮರಂಥವರ ಒಂದು ಇಡೀ ಮುಂಜಾನೆ ಹಾಳು, ಜೊತೆಗೆ ನನ್ನ ವಿಸಿಟಿಂಗ್ ಚಾರ್ಜ್. ನನಗೇನು, ದುಡ್ಡು ಸಿಗುತ್ತದೆ. ಆದರೂ ನ್ಯಾಯ ಅಂತ ಒಂದಿದೆ ಅಲ್ವಾ?

ನೆಟ್ ನ್ಯೂಟ್ರಾಲಿಟಿ (ನೆಟ್‌ನಲ್ಲಿ ಹೋಗುವ ಎಲ್ಲವನ್ನೂ ಕಂಪನಿ ಸಮನಾಗಿ ನೋಡಬೇಕು ಅನ್ನುವ ನಿಯಮ) ಬಂದ ಮೇಲೆ ಹೀಗೆ ಮಾಡಬಹುದಾ ಅಂತ ಒಬ್ಬ ಗೆಳೆಯ ಕೇಳಿದ. ಮಾಡಬಹುದು. 2017ರ ನವೆಂಬರ್‌ನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಕೊಟ್ಟ, 2018ರ ಜುಲೈನಲ್ಲಿ ಸರಕಾರ ಒಪ್ಪಿದ ಶಿಫಾರಸಿನಲ್ಲೇ ನೆಟ್‌ವರ್ಕ್‌ನ ಸುರಕ್ಷತೆಗೆ ಬೇಕಾದ ಸಮಂಜಸ ಕ್ರಮಗಳಿಗೆ ಅವಕಾಶ ಇದೆ. ಆದರೆ ಅಂಥ ಕ್ರಮ ಪಾರದರ್ಶಕವಾಗಿರಬೇಕು ಅಂತಲೂ ಅದರಲ್ಲೇ ಹೇಳಿದೆ. ನಾನು ಕೇಳುತ್ತಿರುವುದೂ ಅಷ್ಟೇ. ಫಾರ್ಮ್‌ನಲ್ಲಿ ಒಂದು ಸಾಲು. ಇನ್‌ಸ್ಟಾಲೇಶನ್‌ಗೆ ಬರುವ ಹುಡುಗನಿಗೆ ಒಂದು ಮಾತು. ಕಸ್ಟಮರ್ ಕೇರ್‌ನವರ ಮುಂದಿನ ಪರದೆಯಲ್ಲಿ ಒಂದು ಉತ್ತರ. ಇದಕ್ಕೇನು ಖರ್ಚು?

ಈಗ ನಿಜವಾಗಿ ಪೆಟ್ಟು ತಿನ್ನುವವರ ಬಗ್ಗೆ. ಔಟ್‌ಲುಕ್ ಆದರೆ ನಂಬರ್ ಬದಲಿಸಿದರೆ ಮುಗಿಯಿತು. ಕಷ್ಟ ಇರುವುದು ಗೋಡೆ ಮೇಲಿನ, ಮೂಲೆಯಲ್ಲಿನ ಹಳೆ ಡಬ್ಬಿಗಳದ್ದು. ಅದೇ ಮಿಲ್‌ನಲ್ಲಿ ಗೋಡೌನ್ ಕ್ಯಾಮೆರಾಗಳ ರೆಕಾರ್ಡಿಂಗ್ ಡಬ್ಬಿ, ಡಿವಿಆರ್ ಇತ್ತು. ರಾತ್ರಿ ಯಾರಾದರೂ ಓಡಾಡಿದರೆ ಸಾಹುಕಾರರಿಗೆ ಫೋಟೋ ಸಮೇತ ಮೇಲ್ ಹೋಗಬೇಕು. ಮೆನುವಿನಲ್ಲಿ ಎಸ್‌ಎಂಟಿಪಿ ಪೋರ್ಟ್ ಅಂತ ಇದ್ದಲ್ಲಿ 25, ಎನ್‌ಕ್ರಿಪ್ಷನ್ ಇದ್ದಲ್ಲಿ ನನ್. ಮೌಸ್‌ನಿಂದ ಪರದೆ ಮೇಲಿನ ಕೀಬೋರ್ಡ್ ಒತ್ತಿ ಒತ್ತಿ 587 ಮಾಡಿದೆ. ಸರ್ವರ್ ಹೊಸ ಟಿಎಲ್‌ಎಸ್ (ಎನ್‌ಕ್ರಿಪ್ಷನ್‌ನ ಪದ್ಧತಿ) ಕೇಳುತ್ತದೆ, ಡಬ್ಬಿಗೆ ಅದು ಬರುವುದಿಲ್ಲ. ಜಿಮೇಲ್ ಹಾಕೋಣ ಅಂದರೆ 2022ರ ಮೇ 30ರಿಂದ ಗೂಗಲ್ ಮಾಮೂಲಿ ಪಾಸ್‌ವರ್ಡ್‌ನ್ನು ಇಂಥ ಡಬ್ಬಿಗಳಿಂದ ತಗೊಳ್ಳುವುದಿಲ್ಲ. ಟೂ ಸ್ಟೆಪ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಆ ಡಿವಿಆರ್‌ನಲ್ಲಿ ಪಾಸ್‌ವರ್ಡ್ ಜಾಗಕ್ಕೆ ಅಷ್ಟು ಅಕ್ಷರ ಹಿಡಿಸುವುದೇ ಇಲ್ಲ! ಕೊನೆಗೆ ಡಬ್ಬಿ ಬದಲಿಸ್ರಿ ಅಂತ ಹೇಳಿ ಬಂದೆ. ಕೆಲವು ದೇಶಗಳಲ್ಲಿ ಇಂಟರ್ನೆಟ್ ಕಂಪನಿಯೇ ತನ್ನ ಗಿರಾಕಿಗಳಿಗೆ ಒಂದು ಮೇಲ್ ರಿಲೇ ಕೊಟ್ಟಿರುತ್ತದೆ, ಇಂಥ ಡಬ್ಬಿಗಳು ಅದಕ್ಕೆ ಕೊಟ್ಟರೆ ಸಾಕು. ನಮ್ಮ ಊರಿನ ಕೇಬಲ್‌ನವರ ಹತ್ತಿರ ಅದನ್ನು ನಾನು ಕಂಡಿಲ್ಲ.

ಇನ್ನೊಬ್ಬರು, ಸ್ವಂತ ಮೇಲ್ ಸರ್ವರ್ ಇಟ್ಟುಕೊಳ್ಳಬೇಕು ಅನ್ನುವವರು. ಕಡಿಮೆ ಜನ, ಆದರೆ ಇದ್ದಾರೆ. ಸೇಡಂ ರೋಡ್ ಕಡೆ ಇರುವ ನನ್ನ ಪರಿಚಯದ ಮೇಷ್ಟ್ರೊಬ್ಬರಿಗೆ ಈ ಹುಚ್ಚು. ಜಾಸ್ತಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ಬದಲಾಗದ, ತಮ್ಮದೇ ಐಪಿ) ತಗೊಂಡರು, 25 ಆದರೂ ಬಂದ್. ರಿವರ್ಸ್ ಡಿಎನ್‌ಎಸ್ (ಈ ಐಪಿ ಯಾವ ಹೆಸರಿನ ಸರ್ವರ್‌ದು ಅಂತ ತೋರಿಸುವ ದಾಖಲೆ) ಹಾಕಿಕೊಡ್ರಿ ಅಂತ ಕೇಳಿದರೆ ಆ ಕಡೆಯವರು "ಅದೇನ್ರಿ ಸರ?" ಅಂದರು. ಅದಿಲ್ಲದಿದ್ದರೆ ಸ್ವಂತ ಸರ್ವರ್‌ನ ಮೇಲ್ ಜಿಮೇಲ್ ಒಳಗೆ ಬಿಡುವುದಿಲ್ಲ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಗೂಗಲ್ ಲೆಕ್ಕದಲ್ಲಿ ಎಲ್ಲರಿಗೂ, ಮೇಲ್ ನಿಜವಾಗಿ ಆ ಡೊಮೇನ್‌ನದೇ ಅಂತ ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು, ರಿವರ್ಸ್ ಡಿಎನ್‌ಎಸ್ ಸರಿ ಇರಬೇಕು. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್ ಎರಡೂ ಬೇಕು, ಜೊತೆಗೆ ಅವು ತಪ್ಪಿದ ಮೇಲ್‌ಗೆ ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್. ಕ್ಲೌಡ್‌ಗೆ ಹೋಗ್ತೀನಿ ಅಂದರೂ ಅಲ್ಲೂ ಇದೇ ಹಾಡು. ಅಮೆಜಾನ್‌ನಲ್ಲಿ ಅರ್ಜಿ ಹಾಕಿ 25 ತೆಗೆಸಿಕೊಳ್ಳಬೇಕು, ಗೂಗಲ್ ಕ್ಲೌಡ್‌ನಲ್ಲಿ ಹೊರಗಿನ ಕಡೆಗೆ 25 ಬಂದ್ ಇರುವುದೇ ನಿಯಮ. ಹಿಂಗೆ ಒಂದೊಂದೇ ಬಾಗಿಲು ಹಾಕುತ್ತಾ ಜಗತ್ತಿನ ಮೇಲ್ ಎಲ್ಲಾ ನಾಲ್ಕಾರು ದೊಡ್ಡ ಕಂಪನಿಗಳ ಮನೆ ಸೇರುತ್ತಿದೆ. ಇದು ನನಗೆ ಹಿಡಿಸುವುದಿಲ್ಲ. ಆದರೆ ಮೇಷ್ಟ್ರೊಬ್ಬರಿಗಾಗಿ ಊರಿನ ಎಲ್ಲಾ ಕನೆಕ್ಷನ್‌ಗಳ 25 ತೆರೆದಿಡು ಅಂತಲೂ ಅನ್ನಲಾರೆ. ಕೇಳಿದವರಿಗೆ, ಗುರುತು ಕೊಟ್ಟವರಿಗೆ, ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟಿದವರಿಗೆ ತೆರೆದುಕೊಡಲಿ. ಅವರಿಂದ ಸ್ಪ್ಯಾಮ್ ಹೋದರೆ ಅವತ್ತೇ ಬಂದ್ ಮಾಡಲಿ.

25 ಬಂದ್ ಮಾಡಿದ್ದಕ್ಕೆ ಸ್ಪ್ಯಾಮ್ ನಿಂತಿತಾ ಅಂದರೆ, ಇಲ್ಲ. ಪಾಸ್‌ವರ್ಡ್ ಕದ್ದು 587ರಲ್ಲೇ ಲಾಗಿನ್ ಆಗಿ ಕಳಿಸುತ್ತಾರೆ. ಪುಕ್ಕಟೆ ಜಿಮೇಲ್ ಅಕೌಂಟ್‌ನಿಂದಲೇ ಬರುತ್ತವೆ. ಕೆವೈಸಿ, ಕರೆಂಟ್ ಬಿಲ್, ಪಾರ್ಸೆಲ್ ಅಂತ ಮೋಸದ ಮೆಸೇಜ್‌ಗಳು ಮೇಲ್ ಬಿಟ್ಟು ಎಸ್‌ಎಂಎಸ್‌ಗೆ, ವಾಟ್ಸಾಪ್‌ಗೆ ವಲಸೆ ಹೋಗಿವೆ. ಆದರೂ ಒಂದು ವ್ಯತ್ಯಾಸ ಆಗಿದೆ. ಲಾಗಿನ್ ಆಗಿ ಕಳಿಸಿದರೆ ಯಾವ ಅಕೌಂಟ್ ಅಂತ ಗೊತ್ತಾಗುತ್ತದೆ, ಅದೊಂದನ್ನೇ ಬಂದ್ ಮಾಡಬಹುದು. ಬಾಟ್ ಸೀದಾ ಕಳಿಸಿದರೆ ಐಪಿಯೇ ಪಟ್ಟಿಗೆ ಬೀಳುತ್ತದೆ, ಅದನ್ನು ಹಂಚಿಕೊಂಡ ಇಡೀ ಓಣಿಗೇ ಪೆಟ್ಟು.

ನಿಮ್ಮ ಕಡೆಯೂ ಮೇಲ್ ಬಂದು, ಹೋಗದೆ ಕುಂತಿದ್ದರೆ ಫಾರ್ಮ್ಯಾಟ್ ಹೊಡೆಯುವ ಮೊದಲು ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆದು ಒಂದು ಮೇಲ್ ಕಳಿಸಿ ನೋಡಿ. ಹೋದರೆ ಅಕೌಂಟ್ ಸರಿ ಇದೆ ಅಂತ. ಆಮೇಲೆ ಔಟ್‌ಗೋಯಿಂಗ್ ಪೋರ್ಟ್ ನೋಡಿ, 25 ಇದ್ದರೆ 587 ಇಲ್ಲವೇ 465 ಮಾಡಿ. 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್, 465ಕ್ಕೆ ಎಸ್‌ಎಸ್‌ಎಲ್. ಇವೆರಡನ್ನು ಅದಲುಬದಲು ಮಾಡಿದರೆ ಮತ್ತೆ ಅದೇ ಗೋಳು. ಎರಡೂ ಆಗದಿದ್ದರೆ ನಿಮ್ಮ ಹೋಸ್ಟಿಂಗ್‌ನವರನ್ನು 2525 ಇದೆಯಾ ಅಂತ ಕೇಳಿ. ಅಧಿಕೃತ ಅಲ್ಲ, ಆದರೆ ಬಹಳ ಜನ ಇಟ್ಟಿರುತ್ತಾರೆ.

ಸ್ವಂತ ಸರ್ವರ್ ಇಡುವವರು ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟುವ ಮೊದಲೇ ಎರಡು ವಿಷಯ ಮೇಲ್‌ನಲ್ಲಿ ಬರೆಸಿಕೊಳ್ಳಿ. 25 ತೆರೆಯುತ್ತಾರಾ, ರಿವರ್ಸ್ ಡಿಎನ್‌ಎಸ್ ಹಾಕಿಕೊಡ್ತಾರಾ. ಫೋನ್‌ನಲ್ಲಿ "ಆಗ್ತದ ಬಿಡ್ರಿ ಸರ" ಅಂದದ್ದು ವೈರ್ ಎಳೆದು ಹೋದ ಮೇಲೆ ಯಾರಿಗೂ ನೆನಪಿರುವುದಿಲ್ಲ.